ಓದುವವರಿಗೆ ಕೆಲಸ ಹಚ್ಚದ ಪತ್ರ

(ಮುಗಳಖೋಡದ ಒಂದು ಮನೆ. ಭಾರತ ಹುಣ್ಣಿಮೆಗೆ ಊರಿಗೆ ಬಂದ ಹುಡುಗಿ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಕಾಕಾ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸೊಸೈಟಿಯಲ್ಲಿ (ಪಿಕೆಪಿಎಸ್) ಸೆಕ್ರೆಟರಿಯಾಗಿದ್ದು ನಿವೃತ್ತರಾದವರು.)

ಮಗಳು: ಕಾಕಾ, ಒಂದು ಮೇಲ್ ಬರ್ದೇನಿ. ಕಳಿಸೂಕಿಂತ ಮೊದಲ ನಿಮ್ಮ ಮುಂದ ಓದ್ತೀನಿ. ಪುಣೆದ ಒಂದು ಕಂಪನಿಗೆ ನಾವು ಎರಕದ ಮಾಲು ಕಳಿಸ್ತೀವಿ. ರೊಕ್ಕ ಬರೂದು ತಡ ಆಗೇತಿ. ಮೊದಲನೇ ಮೇಲಿಗೆ ಉತ್ತರ ಬಂದಿಲ್ಲ, ಸೋಮವಾರ ಎರಡನೇದು ಹೋಗಬೇಕು. ಸಾಹೇಬ್ರು ಹೇಳಿದ್ದು ಇಷ್ಟ: ಮೇಲ್ ಗಟ್ಟಿ ಇರಬೇಕು, ಗಿರಾಕಿ ಮುನಿಸ್ಕೋಬಾರದು.

ಕಾಕಾ: ಓದು ಯವ್ವಾ.

ಮಗಳು: ಇಂಗ್ಲಿಷ್‌ನ್ಯಾಗ ಐತಿ, ಕನ್ನಡದಾಗ ಹೇಳ್ತೀನಿ. 'ಮಾನ್ಯರೇ, ನಮ್ಮ ಪೇಮೆಂಟ್ ಇನ್ನೂ ಬಂದಿಲ್ಲ. ಎಷ್ಟು ಸಲ ಹೇಳಬೇಕು? ದಯವಿಟ್ಟು ತಕ್ಷಣ ಅಗತ್ಯ ಕ್ರಮ ಕೈಗೊಳ್ಳಿ. ವಂದನೆಗಳು.' ಆ 'ಎಷ್ಟು ಸಲ ಹೇಳಬೇಕು' ಅನ್ನೂದನ್ನ ತೆಗೆದ್ರ ಸಾಕೇನ್ರಿ?

ಕಾಕಾ: ಅದನ್ನಂತೂ ತೆಗಿ. ಆದ್ರ ಅಷ್ಟಕ್ಕ ಮುಗಿಯಂಗಿಲ್ಲ. ಈ ಮೇಲ್ ಓದವರು ಯಾರು?

ಮಗಳು: ಅಲ್ಲಿ ಅಕೌಂಟ್ಸ್‌ನ್ಯಾಗ ಒಬ್ಬರದಾರ. ಫೋನಿನ್ಯಾಗ ಮಾತಾಡೇನಿ, ಮಾರಿ ನೋಡಿಲ್ಲ.

ಕಾಕಾ: ಅವರ ಮೇಜಿನ ಮ್ಯಾಲ ಎಷ್ಟು ಕಂಪನಿ ಬಿಲ್ಲು ಬಿದ್ದಿರಬೇಕು, ವಿಚಾರ ಮಾಡು. ನೀ 'ನಮ್ಮ ಪೇಮೆಂಟ್' ಅಂದಿ. ಯಾವ ಬಿಲ್ಲು, ಎಷ್ಟು ರೂಪಾಯಿ, ಮಾಲು ಯಾವತ್ತು ಮುಟ್ಟಿತು, ಯಾವ ಆರ್ಡರಿನ ಮ್ಯಾಲ ಹೋಗಿತ್ತು, ಒಂದೂ ಹೇಳಿಲ್ಲ. ಅದನ್ನೆಲ್ಲಾ ಅವರ ಹುಡಕಬೇಕು. ಅಂದ್ರ ನಿನ್ನ ಕೆಲಸ ಅವರು ಮಾಡಬೇಕು, ಅದೂ ನಿನ್ನ ಕಡೆಯಿಂದ ಬೈಸಿಕೊಂಡು. ಮ್ಯಾಲ 'ಮಾನ್ಯರೇ' ಹಾಕು, ಕೆಳಗ 'ವಂದನೆಗಳು' ಹಾಕು, ನಡುವಿನ ಪತ್ರ ಓದವರಿಗೆ ಕೆಲಸ ಹಚ್ಚಿತು ಅಂದ್ರ ಅದು ಒರಟು ಪತ್ರನ. ಮರ್ಯಾದಿ ಅನ್ನೂದು ಇನ್ನೊಬ್ಬರ ವ್ಯಾಳ್ಯಾಕ್ಕ ಕೊಡೂ ಬೆಲಿಯೊಳಗ ಇರ್ತೈತಿ.

ಮಗಳು: ನಮ್ಮ ಕಡೆ ಮಂದಿ ಮಾತು ಮೊದಲ ಬಿರುಸು ಅಂತಾರ. ಅದಕ್ಕ ನಾ ಮೇಲಿನ್ಯಾಗ 'ದಯವಿಟ್ಟು' ಜಾಸ್ತಿ ಹಾಕ್ತೇನಿ.

ಕಾಕಾ: ಇಲ್ಲಿ ಬಜಾರದಾಗ ನಿಂತು ಎಷ್ಟ ಬಿರುಸು ಮಾತಾಡಿದ್ರೂ ನಡೀತೈತಿ. ಎದುರಿನವರು ನಿನ್ನ ಮಾರಿ ನೋಡ್ತಿರ್ತಾರ, ನೀ ನಗಾಕತ್ತೀಯೋ ಸಿಟ್ಟಿಗೆದ್ದೀಯೋ ಅವರಿಗೆ ಕಾಣ್ತೈತಿ. ಪತ್ರದಾಗ ಮಾರಿ ಇಲ್ಲ, ದನಿ ಇಲ್ಲ. ಅಲ್ಲಿ 'ದಯವಿಟ್ಟು' ಒಂದ ಸಲ ಸಾಕು. ನಾಕು ಸಲ ಬಂದ್ರ ಅದೂ ಒಂದು ಒತ್ತಾಯ ಆಗ್ತೈತಿ.

ಮಗಳು: ಇದರ ಮ್ಯಾಲ ಅಮೆರಿಕಾದಾಗ ಒಂದು ಪ್ರಯೋಗ ಮಾಡ್ಯಾರ್ರಿ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಅನ್ನೋ ಮನಶ್ಶಾಸ್ತ್ರಜ್ಞರು ತಮ್ಮ ಜೋಡಿಯವರನ್ನ ಕೂಡ್ಕೊಂಡು 2005ರಾಗ ಪ್ರಕಟ ಮಾಡಿದ್ದು. ಕೆಲವು ವಾಕ್ಯ ವ್ಯಂಗ್ಯದಾಗ, ಕೆಲವು ಖರೇ ಮನಸಿನಿಂದ ಮೇಲ್ ಮಾಡಾಕ ಹೇಳಿದ್ರು. ನೂರಕ್ಕ 78 ಸಲ ತಮ್ಮ ಧಾಟಿ ಓದವರಿಗೆ ತಿಳಿತೈತಿ ಅಂತ ಬರ್ದವರ ಅಂದಾಜು. ಓದವರಿಗೆ ಖರೇ ತಿಳಿದದ್ದು 56 ಸಲ. ಅದೇ ಮಾತನ್ನ ದನಿಯಿಂದ ಹೇಳಿದಾಗ 73 ಸಲ ತಿಳೀತು.

ಕಾಕಾ: 56 ಅಂದ್ರ ನಾಣ್ಯ ಚಿಮ್ಮಿದ್ರ ಬರೂದಕ್ಕ ಬಾಳ ಹತ್ರನ ಐತಿ. ಇದರಾಗ ನನಗ ಹೆಚ್ಚು ದೊಡ್ಡದು ಕಾಣೂದು ಆ 78. ಬರಿಯವ್ರಿಗೆ ತಮ್ಮ ದನಿ ತಮ್ಮ ತಲಿಯೊಳಗ ಕೇಳಸ್ತಿರ್ತೈತಿ, ಅದ ಕಾಗದದ ಮ್ಯಾಲೂ ಬಂದೈತಿ ಅಂತ ನಂಬ್ತಾರ. ಅದಕ್ಕ ಕೆಲಸದ ಮೇಲಿನ್ಯಾಗ ಚೇಷ್ಟಿ ಬ್ಯಾಡ, ಕೊಂಕು ಬ್ಯಾಡ, ಉತ್ತರ ಬ್ಯಾಡಾದ ಪ್ರಶ್ನೆ ಬ್ಯಾಡ. 'ಎಷ್ಟು ಸಲ ಹೇಳಬೇಕು' ಅನ್ನೂ ಪ್ರಶ್ನೆಗೆ ಅವರು ಏನಂತ ಉತ್ತರ ಕೊಡ್ಬೇಕು? ಉತ್ತರ ಕೊಡಾಕ ಬರೂವಂಥಾ ಪ್ರಶ್ನೆ ಕೇಳು.

ಮಗಳು: ಹಂಗಾರ ಎಲ್ಲಿಂದ ಶುರು ಮಾಡ್ಲಿ?

ಕಾಕಾ: ವಿಷಯದಿಂದ. ನಮ್ಮ ಸೊಸೈಟಿಯೊಳಗ ಆವಕ-ಜಾವಕ ರಿಜಿಸ್ಟರ್ ಇರ್ತಿತ್ತು. ಬಂದ ಪತ್ರ ಆವಕಕ್ಕ, ಹೋಗೂ ಪತ್ರ ಜಾವಕಕ್ಕ. ಟಪಾಲು ಬಂದ ಕೂಡ್ಲೆ ಕ್ಲಾರ್ಕ್ ಪೂರ್ತಿ ಪತ್ರ ಓದ್ತಿರ್ಲಿಲ್ಲ. ನಂಬರ್ ಹಾಕಿ, ತಾರೀಖು ಹಾಕಿ, ಪತ್ರದ 'ವಿಷಯ'ದ ಸಾಲನ್ನ ಇದ್ದಂಗ ರಿಜಿಸ್ಟರಿಗೆ ಇಳಿಸ್ತಿದ್ದ. 'ಬೆಳೆಸಾಲ ನವೀಕರಣ, ಖಾತೆ ನಂಬರ್ ಇಂಥಾದ್ದು' ಅಂತ ಇದ್ರ ಆ ಪತ್ರ ಅವತ್ತ ಸಾಲದ ಮೇಜಿಗೆ ಹೋಗ್ತಿತ್ತು. 'ವಿಷಯ: ವಿನಂತಿ' ಅಂತ ಇದ್ರ? ಎಲ್ಲಾರೂ ವಿನಂತಿನ ಮಾಡ್ತಾರ. ಅದು 'ಇತರೆ' ಅನ್ನೂ ಫೈಲಿನ್ಯಾಗ ಬಿದ್ದು ಅಲ್ಲೇ ಉಳೀತಿತ್ತು. ನಿನ್ನ ಮೇಲಿನ ವಿಷಯದ ಸಾಲಿನ್ಯಾಗ ಏನೈತಿ?

ಮಗಳು: 'ಅರ್ಜೆಂಟ್ ರಿಮೈಂಡರ್' ಅಂತ.

ಕಾಕಾ: ಅರ್ಜೆಂಟ್ ನಿನಗ. ಅವರಿಗೆ ಅದು ಏನಂತ ಗೊತ್ತಾಗಬೇಕಲ್ಲ. ಬಿಲ್ ನಂಬರ್, ಮೊತ್ತ, ಯಾವತ್ತಿಗೆ ಬರಬೇಕಿತ್ತು, ಈ ಮೂರು ವಿಷಯದ ಸಾಲಿನ್ಯಾಗ ಇರಲಿ. ಆರು ತಿಂಗಳ ಆದಮ್ಯಾಲ ನೀನ ಈ ಮೇಲ್ ಹುಡುಕಿದ್ರೂ ಅದ ಸಾಲಿನಿಂದ ಸಿಗ್ತೈತಿ. ಈಗ ಕುಂತು ಹೊಸದಾಗಿ ಬರಿ. ಮೊದಲ ಕನ್ನಡದಾಗ ಬರ್ಕೋ, ವಿಚಾರ ಸ್ವಚ್ಛ ಆದಮ್ಯಾಲ ಇಂಗ್ಲಿಷ್ ಮಾಡು.

ಮಗಳು: ಬರ್ದೆ, ಕೇಳ್ರಿ.

'ವಿಷಯ: ಬಿಲ್ ನಂ. 214, ರೂ. 4,86,500: ಜನವರಿ 17ಕ್ಕೆ ಬರಬೇಕಿದ್ದ ಪಾವತಿ.

ನಮಸ್ಕಾರ. ಡಿಸೆಂಬರ್ 3, 2025ರಂದು ನಿಮ್ಮ ಘಟಕಕ್ಕೆ ತಲುಪಿದ ಎರಕದ ಬಿಡಿಭಾಗಗಳ ಬಿಲ್ ನಂ. 214ರ ಮೊತ್ತ 4,86,500 ರೂಪಾಯಿ ಇನ್ನೂ ನಮ್ಮ ಖಾತೆಗೆ ಬಂದಿಲ್ಲ. ಒಪ್ಪಂದದ 45 ದಿನಗಳ ಗಡುವು ಜನವರಿ 17ಕ್ಕೆ ಮುಗಿದಿದೆ. ಈ ಬಗ್ಗೆ ಜನವರಿ 20ರಂದು ಕಳಿಸಿದ್ದ ಮೇಲ್ ಕೆಳಗಿದೆ.

ಪಾವತಿ ಯಾವ ದಿನ ಆಗುತ್ತದೆ ಎಂದು ಫೆಬ್ರವರಿ 6, ಶುಕ್ರವಾರದೊಳಗೆ ದಯವಿಟ್ಟು ತಿಳಿಸಿ. ಬಿಲ್ಲಿನ ಬಗ್ಗೆಯಾಗಲಿ ಮಾಲಿನ ಬಗ್ಗೆಯಾಗಲಿ ತಕರಾರು ಇದ್ದರೆ ಅದನ್ನೂ ಬರೆಯಿರಿ, ಅಂದೇ ಪರಿಶೀಲಿಸುತ್ತೇವೆ.

ಬಿಲ್, ಡೆಲಿವರಿ ಚಲನ್ ಮತ್ತು ನಿಮ್ಮ ಪರ್ಚೇಸ್ ಆರ್ಡರ್ ಪ್ರತಿಗಳನ್ನು ಲಗತ್ತಿಸಿದ್ದೇನೆ.'

ಕೆಳಗ ನನ್ನ ಹೆಸರು, ಹುದ್ದೆ, ಫೋನ್ ನಂಬರ್.

ಕಾಕಾ: ಇದು ಪತ್ರ. ಇದರಾಗ ಸಿಟ್ಟಿನ ಒಂದು ಶಬ್ದ ಇಲ್ಲ, ಆದ್ರ ಜಾರ್ಕೊಂಡು ಹೋಗಾಕ ಸಂದೀನೂ ಇಲ್ಲ. 'ರೊಕ್ಕ ಕೊಡ್ರಿ' ಅಂತ ಕೇಳದ 'ಯಾವ ದಿನ ಕೊಡ್ತೀರಿ ತಿಳಿಸ್ರಿ' ಅಂತ ಯಾಕ ಕೇಳಿದಿ?

ಮಗಳು: ರೊಕ್ಕ ಬಿಡೂದು ಅವರ ಕೈಯಾಗ ಇರಂಗಿಲ್ಲ ಅನಸ್ತು. ಮ್ಯಾಲಿನವರು ಸಹಿ ಮಾಡಬೇಕು. ದಿನ ಕೇಳಿ ತಿಳಿಸೂದು ಅವರ ಕೈಯಾಗ ಐತಿ.

ಕಾಕಾ: ಅದನ್ನ ಗಟ್ಟಿ ಹಿಡ್ಕೋ. ಓದವರ ಕೈಯಾಗ ಏನೈತೋ ಅದನ್ನ ಕೇಳಬೇಕು. ಕೈಯಾಗ ಇಲ್ಲದ್ದು ಕೇಳಿದ್ರ ಅವರು ಸುಮ್ಮನ ಕುಂದರ್ತಾರ, ನಾವು 'ಸೊಕ್ಕು ನೋಡು, ಉತ್ತರಾನೂ ಕೊಡಂಗಿಲ್ಲ' ಅಂತೀವಿ. ಬಾಳ ಮಂದಿ ಉತ್ತರ ಕೊಡದ ಇರೂದು ಸೊಕ್ಕಿನಿಂದ ಅಲ್ಲ ಯವ್ವಾ. ಪತ್ರ ಓದಿ ಮುಗಿಸಿದಮ್ಯಾಲೂ ತಾವು ಏನು ಮಾಡಬೇಕು ಅನ್ನೂದು ಅವರಿಗೆ ತಿಳಿದಿರಂಗಿಲ್ಲ.

ಮಗಳು: ನಮ್ಮ ಆಫೀಸಿನ್ಯಾಗ ಎಲ್ಲಾ ಮೇಲಿನ ಕೊನಿಗೆ 'ಪ್ಲೀಸ್ ಡೂ ದ ನೀಡ್‌ಫುಲ್' ಅಂತ ಹಾಕ್ತಾರ.

ಕಾಕಾ: ನಮ್ಮ ಅರ್ಜಿಯೊಳಗಿನ 'ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ' ಇದ್ದಂಗ. ಆ ಸೂಕ್ತ ಕ್ರಮ ಯಾವುದು ಅನ್ನೂದನ್ನ ಬರ್ದವರ ಹೇಳಬೇಕು. ಕಂಬದ ದೀಪ ಹಾಕಸ್ಬೇಕೋ, ಖಾತೆ ಬದಲಿ ಮಾಡ್ಬೇಕೋ, ನಕಲು ಕೊಡಬೇಕೋ? ಕೇಳೂದನ್ನ ಬಾಯಿಬಿಟ್ಟು ಕೇಳಿದ್ರ ಸಣ್ಣವರಾಗ್ತೀವಿ ಅನ್ನೋ ಸಂಕೋಚ ನಮ್ಮ ಮಂದಿಗೆ ಐತಿ. ಆ ಸಂಕೋಚದಿಂದ ನಷ್ಟ ಆಗೂದು ನಮಗ.

ಮಗಳು: ಇನ್ನೊಂದು. ನಮ್ಮಂಥಾ ಸಣ್ಣ ಕಾರ್ಖಾನೆಗೆ 2006ರ ಎಂಎಸ್ಎಂಇಡಿ ಕಾಯ್ದೆ ಐತಿ. ಮಾಲು ಒಪ್ಪಿಕೊಂಡ ದಿನದಿಂದ, ಒಪ್ಪಂದ ಇದ್ರೂ, 45 ದಿನಕ್ಕಿಂತ ಹೆಚ್ಚು ಗಡುವು ಇಟ್ಕೊಳ್ಳಾಕ ಬರಂಗಿಲ್ಲ. ತಡ ಮಾಡಿದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. ದೂರು ಕೊಡಾಕ ಆನ್‌ಲೈನ್ ಪೋರ್ಟಲ್ಲೂ ಐತಿ. ಇದನ್ನೆಲ್ಲಾ ಈ ಮೇಲಿನ್ಯಾಗ ಹಾಕ್ಲೇನ್ರಿ?

ಕಾಕಾ: ಎರಡನೇ ಮೇಲಿನ್ಯಾಗ ಬ್ಯಾಡ. ಪಾವಟಿಗಿ ಒಂದೊಂದ ಏರು. ಮೊದಲನೇದು ನೆನಪು. ಎರಡನೇದು ದಿನಾಂಕ ಕೇಳೂದು. ಶುಕ್ರವಾರ ದಾಟಿದ್ರ ಮೂರನೇದರಾಗ ಕಾಯ್ದೆ ಬರಲಿ, ಒಂದ ವಾಕ್ಯ: 'ಎಂಎಸ್ಎಂಇಡಿ ಕಾಯ್ದೆ, 2006ರ 15 ಮತ್ತು 16ನೇ ಕಲಮಿನಂತೆ ಜನವರಿ 17ರ ನಂತರದ ದಿನಗಳಿಗೆ ಬಡ್ಡಿ ಅನ್ವಯಿಸುತ್ತದೆ ಎಂಬುದನ್ನು ಗಮನಕ್ಕೆ ತರುತ್ತಿದ್ದೇವೆ.' ಅಷ್ಟ. 'ಕೋರ್ಟಿಗೆ ಹೋಗ್ತೀವಿ, ಮಾಲು ನಿಲ್ಲಸ್ತೀವಿ' ಅಂತ ಮಾಡದ ಮಾತು ಬರೀಬ್ಯಾಡ. ಬರ್ದು ಮಾಡದಿದ್ರ ನಾಳೆ ನಿನ್ನ ಖರೇ ಮಾತಿಗೂ ಕಿಮ್ಮತ್ತು ಇರಂಗಿಲ್ಲ.

ಮಗಳು: ಮೊನ್ನೆ ಅಪ್ಪನೂ ಸಿಟ್ಟಿನ್ಯಾಗ ಒಂದು ಮೇಲ್ ಬರಸ್ಯಾರ್ರಿ. ಕಬ್ಬಿನ ಬಿಲ್ಲು ಬಂದಿಲ್ಲ ಅಂತ ಫ್ಯಾಕ್ಟರಿಗೆ. 'ರೈತರ ರಕ್ತ ಹೀರುವ ನಿಮಗೆ ನಾಚಿಕೆ ಆಗಬೇಕು' ಅಂತ ಶುರು ಆಗ್ತೈತಿ. ನಾ ಇನ್ನೂ ಕಳಿಸಿಲ್ಲ.

ಕಾಕಾ: ಅಣ್ಣನ ಸಿಟ್ಟು ತಪ್ಪಲ್ಲ. ವರ್ಷಪೂರ್ತಿ ಗದ್ದಿಯೊಳಗ ದುಡದು ಬೆಳದ ಮಾಲು ಕಾಟಾ ಮ್ಯಾಲ ಹಾಕಿ, ಆಮ್ಯಾಲ ರೊಕ್ಕಕ್ಕ ಕಾಯೂದು ಅಂದ್ರ ಯಾರಿಗಾದ್ರೂ ಹೊಟ್ಟಿ ಉರೀತೈತಿ. ಆ ಸಿಟ್ಟಿಗೆ ಒಂದು ಜಾಗಾ ಐತಿ. 2025ರ ನವೆಂಬರಿನ್ಯಾಗ ಇಲ್ಲೇ ಗುರ್ಲಾಪುರ ಕ್ರಾಸಿನ್ಯಾಗ ರೈತರು ರಸ್ತೆದಾಗ ಕುಂತ್ರು, ಸರಕಾರ ಮಾತಿಗೆ ಬಂತು, ಟನ್ನಿಗೆ 3,300 ರೂಪಾಯಿ ಅಂತ ಆತು. ದರ ಸಾವಿರಾರು ಮಂದಿದು, ಅದಕ್ಕ ರಸ್ತೆದಾಗ ದನಿ ಎತ್ತಿ ಕೇಳಬೇಕು. ಅಣ್ಣನ ಬಿಲ್ಲು ಅಣ್ಣಂದ ಒಬ್ಬಂದು. ಅದು ಒಬ್ಬ ಕ್ಲಾರ್ಕಿನ ಮೇಜಿನ ಮ್ಯಾಲ ಐತಿ. ಆ ಕ್ಲಾರ್ಕೂ ನಮ್ಮಂಗ ಪಗಾರಕ್ಕ ದುಡಿಯವನ, ಅವನೂ ಯಾವುದೋ ಊರಿನ ರೈತನ ಮಗ. ರಕ್ತ ಹೀರಿದವರು ಅಂತ ಅವಂಗ ಬರ್ದ್ರ ಆ ಬೈಗುಳ ಮುಟ್ಟಬೇಕಾದವರಿಗೆ ಮುಟ್ಟಂಗಿಲ್ಲ, ಕೆಲಸಾನೂ ಆಗಂಗಿಲ್ಲ.

ಮಗಳು: ಹಂಗಾರ ಅದನ್ನೂ ಇದ ಹಂದರದ ಮ್ಯಾಲ ಬರೀಲೇನು?

ಕಾಕಾ: ಬರಿ. ಕಾಟಾ ಪಾವತಿ, ಅಂದ್ರ ಕಬ್ಬು ತೂಗಿದ ಚೀಟಿ, ತಗೊಂಬಾ. ಕಬ್ಬಿಗೂ ಕಾಯ್ದೆ ಐತಿ, 1966ರ ಕಬ್ಬು ನಿಯಂತ್ರಣ ಆದೇಶ. ಕಬ್ಬು ಕೊಟ್ಟ 14 ದಿನದೊಳಗ ಫ್ಯಾಕ್ಟರಿಯವರು ರೊಕ್ಕ ಕೊಡಬೇಕು. ತಡ ಆದ್ರ ವರ್ಷಕ್ಕ ನೂರಕ್ಕ 15ರಂಗ ಬಡ್ಡಿ. ನಮ್ಮ ಮಂದಿ ಈ ಮಾತು ಜಗಳದಾಗ ಆಡ್ತಾರ, ಬರವಣಿಗಿಯೊಳಗ ಹಾಕೂದು ಕಡಿಮಿ.

ಮಗಳು: ಬರ್ದೆ.

'ವಿಷಯ: ರೈತರ ಕೋಡ್ ನಂಬರ್ (ಇಂಥದ್ದು), ಡಿಸೆಂಬರ್ 12ರ ಕಬ್ಬಿನ ಬಿಲ್, ರೂ. 1,26,918.

ಮಾನ್ಯರೇ, 2025ರ ಡಿಸೆಂಬರ್ 12ರಂದು ನಿಮ್ಮ ಕಾರ್ಖಾನೆಗೆ 38.460 ಟನ್ ಕಬ್ಬು ಕಳಿಸಿದ್ದೇನೆ. ಕಾಟಾ ಪಾವತಿಯ ಪ್ರತಿ ಲಗತ್ತಿಸಿದೆ. ಟನ್ನಿಗೆ 3,300 ರೂಪಾಯಿಯಂತೆ 1,26,918 ರೂಪಾಯಿ ಬರಬೇಕು.

ಕಬ್ಬು ನಿಯಂತ್ರಣ ಆದೇಶ, 1966ರಂತೆ 14 ದಿನಗಳ ಗಡುವು ಡಿಸೆಂಬರ್ 26ಕ್ಕೆ ಮುಗಿದಿದೆ. ಅನಂತರದ ದಿನಗಳಿಗೆ ಶೇಕಡಾ 15ರ ಬಡ್ಡಿ ಸೇರಿಸಿ, ಹಣ ಯಾವ ದಿನ ಜಮಾ ಆಗುತ್ತದೆ ಎಂದು ತಿಳಿಸಬೇಕೆಂದು ವಿನಂತಿ. ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನೂ ಲಗತ್ತಿಸಿದ್ದೇನೆ.'

ಕಾಕಾ: ಬಡ್ಡಿ ದಿನಕ್ಕ ಎಷ್ಟ ಆಗ್ತೈತಿ, ಲೆಕ್ಕಾ ಹಾಕು.

ಮಗಳು: ಸುಮಾರು 52 ರೂಪಾಯಿ. ಫೆಬ್ರವರಿ 2ರ ತನಕ 38 ದಿನ ಆಗ್ತಾವ, ಹತ್ತತ್ರ 1,982 ರೂಪಾಯಿ.

ಕಾಕಾ: ಅದನ್ನೂ ಬರಿ. ಬೈಗುಳ ಓದಿದವರು ಮರತ ಬಿಡ್ತಾರ. 1,982 ರೂಪಾಯಿ ಅಂತ ಓದಿದವರು ಮ್ಯಾಲಿನವರ ಹತ್ರ ತಗೊಂಡು ಹೋಗಬೇಕಾಗ್ತೈತಿ. ಇದಾದಮ್ಯಾಲ ಅಣ್ಣನ ಮುಂದ ಕುಂತು ಓದಿ ತೋರ್ಸು. ಹೆಸರು ಅವಂದು, ಅವನ ಒಪ್ಪಿಗಿ ಇಲ್ಲದ ಹೋಗಬಾರದು. ಸಿಟ್ಟು ತೆಗದೀರಿ ಅಂತ ಅಂದ್ರ ಹೇಳು, ಸಿಟ್ಟು ತೆಗದಿಲ್ಲ, ಲೆಕ್ಕದಾಗ ಇಟ್ಟೇವಿ ಅಂತ.

ಮಗಳು: ಸಿಟ್ಟಿನ ಮೇಲಿಗೆ ಒಂದು ರಾತ್ರಿ ಕಾಯ್ರಿ ಅನ್ನೂ ಮಾತು ಬಾಳ ಹಳೇದೈತಿ ಕಾಕಾ. 1995ರ ಅಕ್ಟೋಬರಿನ್ಯಾಗ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಇಂಟರ್ನೆಟ್ಟಿನ ನಡವಳಿಕೆ ಬಗ್ಗೆ ಒಂದು ಕೈಪಿಡಿ ಬರ್ದು ಕೊಟ್ರು, ಆರ್‌ಎಫ್‌ಸಿ 1855 ಅಂತ. ಇಂಗ್ಲಿಷಿನ ದೊಡ್ಡಕ್ಷರದಾಗ ಬರ್ದ್ರ ಒದರಿದಂಗ ಕೇಳಸ್ತೈತಿ, ಭಾವಾವೇಶದ ಉತ್ತರಕ್ಕ ಒಂದು ರಾತ್ರಿ ಕಾಯ್ರಿ ಅಂತ ಅದರಾಗನ ಐತಿ. ಈಗ ಜಿಮೇಲಿನ್ಯಾಗ ಕಳಿಸಿದ್ದನ್ನ ವಾಪಸ್ ತಗೋಳ್ಳಾಕ ಹೆಚ್ಚಂದ್ರ 30 ಸೆಕೆಂಡ್ ಸಿಗ್ತೈತಿ.

ಕಾಕಾ: ಮೂವತ್ತು ಸೆಕೆಂಡಿನ್ಯಾಗ ಸಿಟ್ಟು ಇಳಿಯಂಗಿಲ್ಲ. ಟಪಾಲಿನ ಕಾಲದಾಗ ಪತ್ರ ಬರ್ದು, ಲಕೋಟೆ ಹುಡುಕಿ, ತಿಕೀಟ ಅಂಟಿಸಿ, ಪೋಸ್ಟಿಗೆ ಹೋಗೂದ್ರಾಗ ಮನಸು ತಣ್ಣಗ ಆಗ್ತಿತ್ತು. ಆ ವ್ಯಾಳ್ಯಾ ಈಗ ಯಾರೂ ಕೊಡಂಗಿಲ್ಲ, ನಾವ ಕೊಟ್ಕೋಬೇಕು. ನನ್ನ ಪದ್ಧತಿ ಹೇಳ್ತೀನಿ: 'ಗೆ' ಅನ್ನೂ ಜಾಗಾ ಖಾಲಿ ಬಿಡು. ಪತ್ರ ಪೂರ್ತಿ ಆದಮ್ಯಾಲ, ಲಗತ್ತು ಹಚ್ಚಿದಮ್ಯಾಲ, ಗಟ್ಟಿ ದನಿಯಿಂದ ಒಮ್ಮೆ ಓದಿದಮ್ಯಾಲ ವಿಳಾಸ ಹಾಕು. ಗಟ್ಟಿಯಾಗಿ ಓದುವಾಗ ನಾಲಿಗಿ ಎಲ್ಲಿ ತಡೀತೈತೋ ಅಲ್ಲಿ ವಾಕ್ಯ ಉದ್ದ ಆಗೇತಿ, ಇಲ್ಲಾ ಮಾತು ಚುಚ್ಚಾಕತ್ತೈತಿ ಅಂತ ತಿಳಿ.

ಮಗಳು: ಪ್ರತಿ ಯಾರ್ಯಾರಿಗೆ ಹಾಕಬೇಕು ಅನ್ನೂದೂ ನನಗ ತಿಳೀವಲ್ದು. ಸಿಸಿ ಅಂದ್ರ ಕಾರ್ಬನ್ ಕಾಪಿ, ಅಷ್ಟ ಗೊತ್ತು. ಕೆಲವರು ಸಣ್ಣ ಮಾತಿಗೂ ಎದುರಿನವರ ಸಾಹೇಬ್ರಿಗೆ ಸಿಸಿ ಹಾಕ್ತಾರ.

ಕಾಕಾ: ನಾವು ಕಾರ್ಬನ್ ಹಾಳಿ ಇಟ್ಟು ಟೈಪ್ ಮಾಡೂ ಕಾಲದಾಗ ಮೂರನೇ ಪ್ರತಿನ ಮಸಕ ಬರ್ತಿತ್ತು. ಅದಕ್ಕ ಪ್ರತಿ ಯಾರಿಗೆ ಬೇಕು ಅಂತ ವಿಚಾರ ಮಾಡಿ ಹಾಕ್ತಿದ್ವಿ. ಪತ್ರದ ಕೆಳಗ 'ಪ್ರತಿಯನ್ನು ಮಾಹಿತಿಗಾಗಿ' ಅಂತ ಬರ್ದು ಹೆಸರು ಹಾಕ್ತಿದ್ವಿ. ಇವರಿಗೆ ಗೊತ್ತಿರಲಿ, ಮಾಡವರು ಬ್ಯಾರೆ ಅಂತ ಅದರ ಅರ್ಥ. ನಿನ್ನ ಮೇಲಿನ್ಯಾಗೂ 'ಗೆ' ಅನ್ನೂದ್ರಾಗ ಕೆಲಸ ಮಾಡವರು ಇರಲಿ, ಒಬ್ಬರ ಇದ್ರ ಬೇಸ್. ಇಬ್ಬರು ಇದ್ರ 'ಅವರು ಮಾಡ್ತಾರ' ಅಂತ ಇವರು, 'ಇವರು ಮಾಡ್ತಾರ' ಅಂತ ಅವರು. ಎರಡನೇ ಮೇಲಿಗೆ ನಿಮ್ಮ ಸಾಹೇಬ್ರಿಗೆ ಪ್ರತಿ ಹಾಕು, ಅವರಿಗೆ ಗೊತ್ತಿರಬೇಕು. ಅಲ್ಲಿಯವರ ಸಾಹೇಬ್ರಿಗೆ ಮೂರನೇದರಾಗ ಹಾಕು. ಅದಕ್ಕೂ ಮೊದಲ ಎರಡನೇದರಾಗ ಅವಸರ ಮಾಡಿ ಹಾಕಿದ್ರ, ಕೆಲಸ ಮಾಡೂ ಮನಷ್ಯಾನ ಬೆನ್ನ ಹಿಂದ ಚಾಡಿ ಹೇಳಿದಂಗ ಆಗ್ತೈತಿ.

ಮಗಳು: ಪುಣೆದವರಿಗೆ ಇಂಗ್ಲಿಷ್ ಬೇಕ ಬೇಕು. ಅಪ್ಪನ ಮೇಲ್ ಕನ್ನಡದಾಗ ಇರಲಿ ಅಂತ ನನ್ನ ಮನಸು. ಆದ್ರ ಮೇಲ್ ಅಂದ ಕೂಡ್ಲೆ ಎಲ್ಲಾರೂ ಇಂಗ್ಲಿಷ್‌ನ್ಯಾಗ ಇರಬೇಕು ಅಂತಾರ.

ಕಾಕಾ: ಯಾಕ ಇರಬೇಕು? ಈ ಸೀಮಿ 1956ರ ತನಕ ಮುಂಬೈ ರಾಜ್ಯದಾಗ ಇತ್ತು. ಹಳೇ ಕಾಗದ ಪತ್ರ ಮರಾಠಿಯೊಳಗ, ಮೋಡಿ ಲಿಪಿಯೊಳಗ ಇರ್ತಿದ್ವು, ಓದಿಸ್ಕೊಳ್ಳಾಕ ಮೋಡಿ ಬಲ್ಲವರನ್ನ ಹುಡುಕಬೇಕಿತ್ತು. 1963ರಾಗ ಕನ್ನಡವನ್ನ ಆಡಳಿತ ಭಾಷೆ ಮಾಡೂ ಕಾಯ್ದೆ ಬಂತು. ನಮ್ಮ ಊರಿನ ಮನಷ್ಯಾ ತಾನ ಓದಿ ತಾನ ಸಹಿ ಮಾಡೂವಂಥಾ ಪತ್ರ ಆಮ್ಯಾಲ ಬಂತು. ಪುರಸಭೆಗೆ, ರಾಯಬಾಗ ತಹಸೀಲ್ದಾರ್ ಕಚೇರಿಗೆ, ಫ್ಯಾಕ್ಟರಿಗೆ ಬರಿಯೂದು ಕನ್ನಡದಾಗನ ಇರಲಿ. ಓದವರು ಕನ್ನಡದವರು, ಬರಿಯವರು ಕನ್ನಡದವರು, ನಡುವ ಬ್ಯಾರೆ ಭಾಷೆ ಹಾಕಿದ್ರ ಇಬ್ಬರಿಗೂ ಕೆಲಸ ಹೆಚ್ಚು.

ಮಗಳು: ಅಕ್ಷರದ ತ್ರಾಸೂ ಐತ್ರಿ. ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದನ್ನ ಹಂಗ ಎತ್ತಿ ಮೇಲಿನ್ಯಾಗ ಹಾಕಿದ್ರ, ಆ ಫಾಂಟ್ ಇಲ್ಲದವರಿಗೆ ಕನ್ನಡದ ಬದಲಿ ಇಂಗ್ಲಿಷ್ ಅಕ್ಷರದ ಮ್ಯಾಲ ಗೆರಿ, ಚುಕ್ಕಿ ಇಟ್ಟಂಗ ಕಾಣಸ್ತೈತಿ. ಮೊಬೈಲಿನ್ಯಾಗಂತೂ ಓದಾಕ ಆಗಂಗಿಲ್ಲ. ಯೂನಿಕೋಡಿನ್ಯಾಗ ಬರ್ದ್ರ ಎಲ್ಲಾ ಕಡೆ ಸರಿ ಕಾಣಸ್ತೈತಿ. 1991ರ ಮೊದಲನೇ ಆವೃತ್ತಿಯಿಂದ ಕನ್ನಡ ಯೂನಿಕೋಡಿನ್ಯಾಗ ಐತಿ. ಕಚೇರಿಯೊಳಗ ಹಳೇ ಫಾಂಟಿನ ಕಡತ ಇದ್ರ ಯೂನಿಕೋಡಿಗೆ ಬದಲಿಸಿ, ಇಲ್ಲಾ ಪಿಡಿಎಫ್ ಮಾಡಿ ಕಳಿಸಬೇಕು.

ಕಾಕಾ: ಇದು ನನಗ ಗೊತ್ತಿರ್ಲಿಲ್ಲ ನೋಡು. ಓದಾಕ ಬರದ ಅಕ್ಷರ ಕಳಿಸೂದೂ ಓದವರಿಗೆ ಕೆಲಸ ಹಚ್ಚಿದಂಗನ. ಲಗತ್ತಿಗೂ ಹೆಸರಿಡು. ಕ್ಯಾಮೆರಾದಿಂದ ಬಂದ ಉದ್ದನ್ನ ನಂಬರ್ ಹಂಗ ಬಿಡಬ್ಯಾಡ. 'ಕಾಟಾ ಪಾವತಿ 12 ಡಿಸೆಂಬರ್' ಅಂತ ಇರಲಿ.

ಮಗಳು: ಇಲ್ಲಿತನಕ ನಾವು ಕೇಳೂದನ್ನ ಮಾತಾಡಿದ್ವಿ. ನಮ್ಮ ಮ್ಯಾಲ ತಕರಾರು ಬಂದ್ರ? ಎರಕದೊಳಗ ಗಾಳಿ ಸಿಕ್ಕು ತೂತು ಬೀಳ್ತೈತಿ, ಬ್ಲೋ ಹೋಲ್ ಅಂತಾರ. ಅಂಥಾ ಮಾಲು ಹೋದಾಗ ಗಿರಾಕಿ ಸಿಟ್ಟಿನ ಮೇಲ್ ಹಾಕ್ತಾರ. ನಮ್ಮವರು 'ತಪಾಸಣೆ ಮಾಡ್ತೀವಿ' ಅಂತ ಒಂದು ಸಾಲು ಬರ್ದು ಸುಮ್ಮನಾಗ್ತಾರ.

ಕಾಕಾ: ಅವರು ತಾಸಿಗೊಮ್ಮೆ ಫೋನ್ ಮಾಡ್ತಾರ, ಹೌದಿಲ್ಲೋ? ಸಿಟ್ಟು ಬಂದವರಿಗೆ ಮೊದಲ ಬೇಕಾಗೂದು ತಮ್ಮ ಮಾತು ಮುಟ್ಟೈತಿ ಅನ್ನೂ ಖಾತ್ರಿ. 'ಆರ್ಡರಿನ 40 ಬಿಡಿಭಾಗಗಳಲ್ಲಿ 6ರಲ್ಲಿ ತೂತು ಕಂಡಿದೆ ಎಂದು ತಿಳಿಸಿದ್ದೀರಿ' ಅಂತ ಅವರ ತಕರಾರನ್ನ ನಿನ್ನ ಮಾತಿನ್ಯಾಗ ತಿರುಗಿ ಹೇಳು. ಆಮ್ಯಾಲ ನೀವು ಏನು ಮಾಡ್ತೀರಿ, ಯಾರು ಮಾಡ್ತಾರ, ಯಾವ ದಿನ ಮುಗಿತೈತಿ. ತೂತು ಯಾಕ ಬಿತ್ತು ಅನ್ನೂದು ಕೊನಿಗೆ. ಕಾರಣ ಮೊದಲ ಹೇಳಿದ್ರ ನೆಪದಂಗ ಕಾಣಸ್ತೈತಿ, ಪರಿಹಾರ ಹೇಳಿದಮ್ಯಾಲ ಹೇಳಿದ್ರ ಅದ ಮಾತು ವಿವರಣೆ ಆಗ್ತೈತಿ. ಇನ್ನ, ಆಗಂಗಿಲ್ಲ ಅನ್ನೂದಿದ್ರ ಎರಡನೇ ಸಾಲಿನ್ಯಾಗ ಹೇಳಿಬಿಡು. 'ನೋಡ್ತೀವಿ, ಪ್ರಯತ್ನ ಮಾಡ್ತೀವಿ' ಅಂತ ಎಳದ್ರ ಎದುರಿನವರು ಬ್ಯಾರೆ ದಾರಿ ಹುಡುಕೂ ವ್ಯಾಳ್ಯಾ ಕಳ್ಕೋತಾರ.

ಮಗಳು: ಇಷ್ಟೆಲ್ಲಾ ಬರಿಯೂಕಿಂತ ಫೋನ್ ಮಾಡೂದ ಹಗರು ಅಂತಾರ ನಮ್ಮ ಜೋಡಿಯವರು.

ಕಾಕಾ: ಫೋನ್ ಮಾಡು. ಮನಸು ಕೆಟ್ಟಿದ್ರ ಫೋನ ಬೇಸ್, ದನಿ ಕೇಳಿದ್ರ ಗಂಟು ಸಡಿಲ ಆಗ್ತೈತಿ. ಆದ್ರ ಫೋನ್ ಇಟ್ಟ ಮ್ಯಾಲ ಎರಡು ಸಾಲು ಮೇಲ್ ಹಾಕು: 'ಈಗ ಮಾತಾಡಿದಂತೆ, ಫೆಬ್ರವರಿ 12ಕ್ಕೆ ಪಾವತಿ ಆಗುತ್ತದೆ ಎಂದು ತಿಳಿದುಕೊಂಡಿದ್ದೇನೆ.' ಫೋನಿನ ಮಾತಿಗೆ ಸಾಕ್ಷಿ ಇಲ್ಲ. ಮೇಲಿಗೆ ತಾರೀಖು, ವ್ಯಾಳ್ಯಾ ಎಲ್ಲಾ ಇರ್ತೈತಿ.

ಮಗಳು: ಕಾಯ್ದೆನೂ ಒಪ್ತೈತಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೊಳಗ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಾರ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಾಗೂ ಅದಕ್ಕ ಜಾಗಾ ಐತಿ.

ಕಾಕಾ: ಅದಕ್ಕ ಹೇಳ್ತೀನಿ, ನಾಳೆ ಮೂರನೇಯವರು ಓದ್ತಾರ ಅಂತ ತಿಳಿದು ಬರಿ. ನೀವಿಬ್ಬರೂ ಇಲ್ಲದ ಹೊತ್ತಿನ್ಯಾಗ ಒಬ್ಬ ಅಧಿಕಾರಿ ಈ ಮೇಲ್ ಓದಿದ್ರ ಅವರಿಗೆ ಪೂರ್ತಿ ಸಂಗತಿ ತಿಳೀಬೇಕು, ನೀ ಮಾತು ಮೀರಿಲ್ಲ ಅನ್ನೂದೂ ತಿಳೀಬೇಕು. ಮರ್ಯಾದಿಯಿಂದ ಬರ್ದ ಪತ್ರ ಬರ್ದವರನ್ನ ಕಾಯ್ತೈತಿ.

ಮಗಳು: ಇದನ್ನೆಲ್ಲಾ ನಾ ಸಾಲಿಯೊಳಗ ಕಲೀಬೇಕಿತ್ತು ಅನಸ್ತೈತಿ. ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಗೆ ಪತ್ರಲೇಖನ ಇರ್ತೈತಿ. ನಾವು ಬಾಯಿಪಾಠ ಮಾಡಿ ಬರ್ದು ಬರ್ತಿದ್ವಿ. ಗೆ, ಇಂದ, ವಿಷಯ ಎಲ್ಲಾ ಜಾಗಾದಾಗ ಇಟ್ರ ಅಂಕ ಸಿಗ್ತಿತ್ತು. ಆ ಪತ್ರ ಯಾರೂ ಪೋಸ್ಟಿಗೆ ಹಾಕ್ತಿರ್ಲಿಲ್ಲ, ಯಾರ ಉತ್ತರಾನೂ ಬರ್ತಿರ್ಲಿಲ್ಲ.

ಕಾಕಾ: ಹಂದರ ಸಾಲಿಯವರು ಸರಿಯಾಗೇ ಕಲಿಸ್ಯಾರ. ಅದರೊಳಗ ಖರೇ ಕೆಲಸ ತುಂಬಬೇಕು. ಹುಡುಗರಿಗೆ ಹೇಳಬೇಕು, ನಿಮ್ಮ ಓಣಿಯೊಳಗ ಯಾವ ಕಂಬದ ದೀಪ ಹತ್ತಂಗಿಲ್ಲ ನೋಡ್ಕೊಂಬರ್ರಿ, ಕಂಬದ ನಂಬರ್ ಬರ್ಕೊಂಬರ್ರಿ, ಪುರಸಭೆಗೆ ಐದು ಸಾಲು ಬರೀರಿ, ಕಳಿಸ್ರಿ ಅಂತ. ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದ ನಿಯಮದಾಗ ಒಂದ ವಿಷಯ, 150 ಶಬ್ದದ ಮಿತಿ ಐತಿ. ಫೀ ಹತ್ತು ರೂಪಾಯಿ, ಉತ್ತರಕ್ಕ 30 ದಿನ. ಆ ಮಿತಿಯೊಳಗ ಒಂದು ಖರೇ ಪ್ರಶ್ನೆ ಕೇಳಾಕ ಹತ್ತನೇತ್ತೆಯ ಹುಡುಗಿ ಕಲಿತಳು ಅಂದ್ರ ಮುಂದ ಆಕಿ ಪುಣೆಗೆ ಬರದ್ರೂ ಬೆಂಗಳೂರಿಗೆ ಬರದ್ರೂ ತಡವರಿಸಂಗಿಲ್ಲ.

ಮಗಳು: ನಿಮಗ ಇದು ಇಷ್ಟ ದೊಡ್ಡದು ಯಾಕ ಅನಸ್ತೈತಿ ಕಾಕಾ?

ಕಾಕಾ: ತಾಲೂಕು ಕಚೇರಿ ಮುಂದ ಅರ್ಜಿ ಬರ್ದು ಕೊಡವರ ಹತ್ರ ನಮ್ಮ ಮಂದಿ ಕುಂತದ್ದನ್ನ ಜೀವನಪೂರ್ತಿ ನೋಡೇನಿ. ತನ್ನ ಹೊಲ, ತನ್ನ ಸಾಲ, ತನ್ನ ಮಗನ ಜಾತಿ ಪ್ರಮಾಣಪತ್ರ, ಎಲ್ಲಾ ತನಗ ಬಾಯಾಗ ಗೊತ್ತು. ಅದನ್ನ ಐದು ಸಾಲಿನ್ಯಾಗ ಇಡಾಕ ಬರಂಗಿಲ್ಲ ಅಂತ ಇನ್ನೊಬ್ಬರಿಗೆ ರೊಕ್ಕ ಕೊಡಬೇಕು, ಅವರು ಬರ್ದಿದ್ದು ಏನಂತ ತಿಳೀದ ಸಹಿ ಮಾಡಬೇಕು. ಈಗ ಆ ಜಾಗಾಕ್ಕ ಆನ್‌ಲೈನ್ ಸೆಂಟರ್ ಬಂದಾವ, ಮೇಲ್ ವಿಳಾಸಾನೂ ಅವರ ಮಾಡಿ ಕೊಡ್ತಾರ, ಪಾಸ್‌ವರ್ಡೂ ಅವರ ಹತ್ರನ ಇರ್ತೈತಿ. ಯಾರಿಗೆ, ಏನು, ಯಾವತ್ತಿಗೆ, ಯಾವ ಆಧಾರದ ಮ್ಯಾಲ, ಈ ನಾಕು ಮಾತನ್ನ ಮರ್ಯಾದಿಯಿಂದ ಬರಿಯಾಕ ಬಂದವರಿಗೆ ನಡುವಿನವರು ಬೇಕಾಗಂಗಿಲ್ಲ. ದೊಡ್ಡ ಕಂಪನಿ ಮುಂದ ಸಣ್ಣ ಕಾರ್ಖಾನೆ, ಫ್ಯಾಕ್ಟರಿ ಮುಂದ ಒಬ್ಬ ರೈತ, ಇವರ ಕೈಯಾಗ ಬ್ಯಾರೆ ಬಲ ಏನೈತಿ? ಸ್ವಚ್ಛ ಬರ್ದ ಪತ್ರ ಓದಿದವರು ಉತ್ತರ ಕೊಡಬೇಕಾಗ್ತೈತಿ, ಕೊಡದಿದ್ರ ಕೊಟ್ಟಿಲ್ಲ ಅನ್ನೂದಾದ್ರೂ ದಾಖಲಾಗ್ತೈತಿ. ನೀ ಕಲ್ತಿ. ಇನ್ನ ಓಣಿಯೊಳಗಿನ ನಾಕು ಹುಡುಗರಿಗೆ ಕಲಿಸು. ಬರ್ದು ಕೊಡಬ್ಯಾಡ, ಕುಂದರಿಸ್ಕೊಂಡು ಅವರ ಕೈಲೇ ಬರಸು.